ಚೌಕಿ: ರಂಗದ ಹಿಂದಿನ ರಂಗ

ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟು ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವ ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಬೆಳ್ಳಾರೆಯ ಆಸುಪಾಸಿನ ಬಯಲುಗಳಲ್ಲಿ ಬೀಡುಬಿಟ್ಟಾಗ, ಪ್ರೇಕ್ಷಕನ ದೃಷ್ಟಿಗೆ ಅಗೋಚರವಾಗಿದ್ದೂ ಆಟದ ಸಮಸ್ತ ವೈಭವಕ್ಕೆ ಮೂಲವಾಗಿ ನಿಲ್ಲುವುದು ಚೌಕಿಯೆಂಬ ಬಣ್ಣದ ಮನೆ. ಇಲ್ಲಿ ಮೊದಲ ಪೂಜೆ ಗಣಪತಿಗೆ. ಬಳಿಕ ಪ್ರತಿಯೊಬ್ಬ ವೇಷಧಾರಿಯೂ ಪರಂಪರೆಯಿಂದ ತನಗೆ ವಿಹಿತವಾದ ಸ್ಥಾನದಲ್ಲಿ ನೆಲದ ಮೇಲೆ ಕುಳಿತು, ಕನ್ನಡಿಯನ್ನು ಹಿಡಿದು, ತನ್ನ ಮುಖವನ್ನು ತಾನೇ ಬರೆದುಕೊಳ್ಳುವನು. ರಾಕ್ಷಸಪಾತ್ರದ ಬಣ್ಣದ ವೇಷಕ್ಕಂತೂ ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿಯೆಂಬ ಮೊನೆಗಳನ್ನು ಸಾಲುಸಾಲಾಗಿ ಇಡುವುದಕ್ಕೆ ಗಂಟೆಗಳೇ ಬೇಕು. ರಂಗದ ಮೇಲಿನ ಅಬ್ಬರಕ್ಕಿಂತ ಈ ತಾಳ್ಮೆಯೇ ಹಿರಿದೆಂದು ತೋರುವುದುಂಟು.

ಚೌಕಿಯಲ್ಲಿ ಪರಂಪರೆ ಹೀಗೆ ನೆಲೆನಿಂತಿದ್ದರೂ ರಂಗದ ಮೇಲೆ ಹೊಸ ಪ್ರಯೋಗ ನಡೆಯದಿರಲಿಲ್ಲ. ಸಮೀಪದ ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲೆಸಿದ್ದ ಡಾ. ಕೆ. ಶಿವರಾಮ ಕಾರಂತರು (1902–1997) ಈ ಕಲೆಯ, ವಿಶೇಷವಾಗಿ ಅದರ ಉತ್ತರದ ಶೈಲಿಯಾದ ಬಡಗುತಿಟ್ಟಿನ, ಸತ್ತ್ವವನ್ನು ಹೀರಿ ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ಪಾತ್ರಗಳ ಮಾತಾದ ಅರ್ಥಗಾರಿಕೆಯನ್ನು ಕೈಬಿಟ್ಟು, ಇರುಳಿಡೀ ನಡೆಯುವ ಪ್ರಸಂಗವನ್ನು ಕೆಲವೇ ಗಂಟೆಗಳಿಗೆ ಸಂಕ್ಷೇಪಿಸಿ, ಪಿಟೀಲು ಸ್ಯಾಕ್ಸೋಫೋನುಗಳನ್ನು ಹಿಮ್ಮೇಳಕ್ಕೆ ತಂದ ಆ ಪ್ರಯೋಗವನ್ನು ಸಂಪ್ರದಾಯಪ್ರಿಯರು ಸುಲಭವಾಗಿ ಒಪ್ಪಲಿಲ್ಲ. ವಾಗ್ವೈಖರಿಯನ್ನೇ ಆಟದ ಪ್ರಾಣವೆಂದು ಬಗೆದ ಈ ಸೀಮೆಯಲ್ಲಿ ಆ ಅಸಮ್ಮತಿ ಅಸಹಜವೂ ಅಲ್ಲ.