ಐನ್‌ಸ್ಟೈನ್ ಮತ್ತು ನಮ್ಮನೆ ಫ್ರಿಜ್ಜು

ಮೊನ್ನೆ ನಮ್ಮನೆ ಫ್ರಿಜ್ಜಿನಲ್ಲಿ ಮೇಲೆ ಐಸು ಗಟ್ಟಿಯಾಗಿತ್ತು, ಕೆಳಗೆ ಹಾಲು ಒಡೆದಿತ್ತು. ಪ್ಲಗ್ ಕಿತ್ತು ಫ್ರೀಜರಿನ ಹಿಂಬದಿ ಬಿಚ್ಚಿದರೆ, ತಣ್ಣನೆ ಗಾಳಿಯನ್ನು ಕೆಳಕ್ಕೆ ತಳ್ಳಬೇಕಾದ ಫ್ಯಾನು ಐಸಿಗೆ ಸಿಕ್ಕಿ ನಿಂತುಬಿಟ್ಟಿದೆ! ಕರಗಿಸಿದೆ, ತಿರುಗಿತು.

ಹೋದದ್ದು ಅರ್ಧ ಲೀಟರ್ ಹಾಲು ತಾನೇ... ಹಿಂದೆ ಫ್ರಿಜ್ಜು ಕೆಟ್ಟರೆ ಜೀವವೇ ಹೋಗಬಹುದಿತ್ತು. 1920ರ ದಶಕದಲ್ಲಿ ಅದರೊಳಗೆ ಇರುತ್ತಿದ್ದದ್ದು ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡಿನಂಥ ವಿಷಾನಿಲ. ಸೀಲು ಸೋರಿ ಬರ್ಲಿನ್ನಿನ ಒಂದು ಸಂಸಾರವೇ ಸತ್ತ ಸುದ್ದಿ ಓದಿದ ಐನ್‌ಸ್ಟೈನ್ (ಹೌದು, ಅದೇ ಐನ್‌ಸ್ಟೈನ್!), ಲಿಯೋ ಸಿಲಾರ್ಡ್ ಜತೆ ಕೂತು ತಿರುಗುವ ಭಾಗವೇ ಇಲ್ಲದ ಫ್ರಿಜ್ಜು ರೂಪಿಸಿದರು. ಏನೂ ತಿರುಗದಿದ್ದರೆ ಸವೆಯುವ ಸೀಲೂ ಬೇಡ ನೋಡಿ.

1930ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ವಿಷವಲ್ಲದ ಫ್ರಿಯಾನ್ ಬಂತು, ಇವರ ಫ್ರಿಜ್ಜು ಮಾರುಕಟ್ಟೆಗೆ ಬರಲೇ ಇಲ್ಲ. ಆ ಫ್ರಿಯಾನ್ ಓಝೋನ್ ಪದರವನ್ನು ತಿನ್ನುತ್ತದೆಂದು ವಿಜ್ಞಾನಿಗಳು ಎಚ್ಚರಿಸಿದ್ದು 1974ರಲ್ಲಿ :-(