ಹಂಚಿನ ಮಾಡಿನ ನಿರ್ವಹಣೆ

ಹಂಚಿನ ಮಾಡಿನ ನಿರ್ವಹಣೆ ಎಂದರೆ ಮಂಗಳೂರು ಹಂಚು ಹೊದಿಸಿದ ಮನೆಗಳಲ್ಲಿ ಪ್ರತಿವರ್ಷ ಮುಂಗಾರಿಗೆ ಮೊದಲು ಕೈಗೊಳ್ಳುವ ತಪಾಸಣೆ ಮತ್ತು ದುರಸ್ತಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಈ ಬಗೆಯ ಮಾಡು ಕರಾವಳಿ ಹಾಗೂ ಮಲೆನಾಡಿನಲ್ಲಿ ವ್ಯಾಪಕವಾಯಿತು. ಹಳೆಯ ಹಂಚಿನ ಮನೆಯನ್ನು ಕೊಂಡವರು ಮೊದಲು ಪರಿಶೀಲಿಸಬೇಕಾದ ಭಾಗವೂ ಇದೇ.

ಇಳಿಜಾರಿನ ಹಂಚುಗಳನ್ನು ಸಾಮಾನ್ಯವಾಗಿ ಗಾರೆಯಿಂದ ಅಂಟಿಸಿರುವುದಿಲ್ಲ. ಅವುಗಳ ಅಡಿಯ ಉಬ್ಬುಗಳು ರೀಪಿಗೆ ಸಿಕ್ಕಿಕೊಂಡು, ಒಂದರ ಅಂಚು ಇನ್ನೊಂದರ ಮೇಲೆ ಕುಳಿತಿರುತ್ತದೆ. ಆದುದರಿಂದ ಒಡೆದ ಹಂಚೊಂದನ್ನು ಬದಲಿಸುವುದು ಸುಲಭ, ಅಗ್ಗ. ಬದಲಿಸದೆ ಬಿಟ್ಟರೆ ನೀರು ರೀಪು, ಪಕ್ಕಾಸುಗಳಿಗೆ ಇಳಿಯುತ್ತದೆ. ತೇವ ಹಿಡಿದ ಮರ ಕೊಳೆಯುತ್ತದೆ, ಗೆದ್ದಲಿಗೂ ತುತ್ತಾಗುತ್ತದೆ. ರೀಪು ಬಾಗಿದಾಗ ಸುತ್ತಲಿನ ಹಂಚುಗಳೂ ಜಾರಿ ಸೋರಿಕೆ ಹಬ್ಬುತ್ತದೆ. ಕೊನೆಗೆ ಮಾಡನ್ನೇ ಬಿಚ್ಚಬೇಕಾದಾಗ ಹೆಚ್ಚಿನ ಖರ್ಚು ಬೀಳುವುದು ಹಂಚಿಗಲ್ಲ, ಮರಕ್ಕೆ ಮತ್ತು ಕೂಲಿಗೆ.

ಎರಡು ಇಳಿಜಾರುಗಳು ಕೂಡುವ ತಗ್ಗು ಅತ್ಯಂತ ದುರ್ಬಲ ಸ್ಥಳ. ಅಲ್ಲಿನ ತಗಡಿನ ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಉಕ್ಕಿ ಹಂಚಿನಡಿಗೆ ನುಗ್ಗುತ್ತದೆ. ನೆತ್ತಿಯ ಹಂಚುಗಳ ಗಾರೆಯ ಬಿರುಕನ್ನೂ ಮಳೆಗೆ ಮೊದಲೇ ಮುಚ್ಚಬೇಕು. ಮಾಡು ಹತ್ತದೆಯೇ ದೋಷ ಗುರುತಿಸಬಹುದು: ಹಗಲಿನಲ್ಲಿ ಅಟ್ಟದಿಂದ ಕಾಣುವ ಬೆಳಕಿನ ಚುಕ್ಕಿಗಳು, ಮರದ ಮೇಲಿನ ಕಪ್ಪು ಕಲೆಗಳು ಅದರ ಸೂಚನೆ.

ಬೇರೆ ಬೇರೆ ಕಾರ್ಖಾನೆಗಳ ಹಂಚುಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ತಯಾರಕರ ಹೆಸರು ಹಂಚಿನ ಮೇಲೆಯೇ ಅಚ್ಚೊತ್ತಿರುತ್ತದೆ. ಅನೇಕ ಕಾರ್ಖಾನೆಗಳು ಮುಚ್ಚಿರುವುದರಿಂದ, ಕೆಡವಿದ ಮನೆಗಳಿಂದ ಅದೇ ಹೆಸರಿನ ಹಂಚುಗಳನ್ನು ತಂದಿರಿಸಿಕೊಳ್ಳುವುದುಂಟು. ದುರಸ್ತಿಯ ವೇಳೆ ಹಂಚಿನ ನಡುವೆ ಕಾಲಿಟ್ಟು ಒಡೆಯುವುದೂ ಸಾಮಾನ್ಯ. ಹಲಗೆ ಹಾಸಿ ಅದರ ಮೇಲೆ ಭಾರ ಬಿಡುವುದು ಕ್ಷೇಮ.