ಕೆನ್ಸಿಂಗ್ಟನ್ನಿನ ರಸ್ತೆ ಅಗಲವಾದ ಕಾಲ

ದೇವಾಲಯಗಳ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಗೋಪುರ, ಗಂಟೆ, ಪೀಠಗಳನ್ನು ವರ್ಣಿಸಿ, ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನು ಕೊಟ್ಟು ತೃಪ್ತರಾಗುತ್ತೇವೆ. ದೇವಾಲಯದ ಮುಂದಿನ ರಸ್ತೆ ಯಾರ ಮನೆಗಳನ್ನು ನುಂಗಿ ಅಗಲವಾಯಿತೆಂದು ವಿಚಾರಿಸುವವರು ವಿರಳ. ವಿಕ್ಟೋರಿಯ ರಾಣಿಯ ಕಾಲದ ಲಂಡನ್ನಿನ ಒಂದು ಉಪನಗರದ ಅಂತಹ ವೃತ್ತಾಂತವನ್ನು ಇಲ್ಲಿ ಓದುಗರ ಮುಂದಿಡುತ್ತೇವೆ. ಅಲ್ಲಿ ರಸ್ತೆಯ ಕಥೆ ನಮ್ಮ ಧರ್ಮಸಭೆಯ ಕಥೆಯೊಡನೆ ಹೆಣೆದುಕೊಂಡಿದೆ.

ಲಂಡನ್ನಿನ ಪಶ್ಚಿಮಕ್ಕಿರುವ ಕೆನ್ಸಿಂಗ್ಟನ್, ಅರಮನೆಯೊಂದರ ಮಗ್ಗುಲಲ್ಲಿ ತೋಟಗಳ ನಡುವೆ ಬೆಳೆದ ಊರು. 1851ರಲ್ಲಿ ಸುಮಾರು 44,000 ಇದ್ದ ಅಲ್ಲಿನ ಜನಸಂಖ್ಯೆ 1881ರ ವೇಳೆಗೆ 1,60,000ವನ್ನು ದಾಟಿತು. ಓಣಿಗಳ ದುರಸ್ತಿ, ದೀಪ, ಸ್ಥಳೀಯ ಚರಂಡಿಗಳು ವೆಸ್ಟ್ರಿ ಎಂಬ ಸ್ಥಳೀಯ ಆಡಳಿತ ಸಭೆಯ ಪಾಲಿಗಿದ್ದವು. ದೊಡ್ಡ ಒಳಚರಂಡಿಗಳನ್ನೂ ಮುಖ್ಯ ರಸ್ತೆಗಳ ಸುಧಾರಣೆಯನ್ನೂ 1855ರ ಶಾಸನದಿಂದ ಹುಟ್ಟಿದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ವಹಿಸಿಕೊಂಡಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧ ಪಾರ್ಲಿಮೆಂಟಿನ ಮೂಗಿಗೇ ತಾಗಿದ ಮೇಲೆ, ಬೋರ್ಡಿನ ಮುಖ್ಯ ಇಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್‌ಗೆ ಬೇಕಾದ ಹಣವೂ ಅಧಿಕಾರವೂ ದೊರೆತವು. ಮೂಗು ಮುಚ್ಚಿಕೊಳ್ಳುವ ತನಕ ಸರ್ಕಾರಗಳು ಕದಲುವುದಿಲ್ಲವಷ್ಟೆ!

ಆ ಊರಿನ ಮುಖ್ಯ ಬೀದಿಯಾದ ಹೈ ಸ್ಟ್ರೀಟ್ ಇಕ್ಕಟ್ಟಾಗಿತ್ತು. 1860ರ ದಶಕದ ಕೊನೆಯಲ್ಲಿ ಬೋರ್ಡು ಅದನ್ನು ಅಗಲ ಮಾಡಿಸಿತು. 1868ರಲ್ಲಿ ಅಲ್ಲಿ ರೈಲು ನಿಲ್ದಾಣ ತೆರೆಯಿತು. 1870ರಲ್ಲಿ ಜಾನ್ ಬಾರ್ಕರ್ ಎಂಬ ವ್ಯಾಪಾರಿಯ ಜವಳಿ ಅಂಗಡಿ ಬಂದಿತು. ನಿವೇಶನಗಳ ಬೆಲೆ ಏರಿತು. ಕಟ್ಟಡದ ಮಾಲೀಕನಿಗೆ ಕಾನೂನಿನ ಪ್ರಕಾರ ಪರಿಹಾರವಿತ್ತು. ವಾರದ ಬಾಡಿಗೆಗೆ ಕೋಣೆ ಹಿಡಿದವನಿಗೆ ದೊರೆಯುತ್ತಿದ್ದುದು ಬಹುಮಟ್ಟಿಗೆ ತೆರವು ಮಾಡಬೇಕೆಂಬ ಸೂಚನೆ ಮಾತ್ರ.

ಈ ವಾರದ ಬಾಡಿಗೆಯವರಲ್ಲಿ ಐರ್ಲೆಂಡಿನ ಕಥೋಲಿಕರು ಅನೇಕರಿದ್ದರು. ಸ್ವದೇಶದ ಬಡತನ ಮತ್ತು 1845ರಿಂದ ಬಂದೆರಗಿದ ಕ್ಷಾಮದಿಂದ ವಲಸೆ ಬಂದ ಇವರು ಕಟ್ಟಡಗಳಿಗೆ ಇಟ್ಟಿಗೆ ಗಾರೆ ಹೊತ್ತರು, ತರಕಾರಿ ತೋಟಗಳಲ್ಲಿ ದುಡಿದರು. ಹೈ ಸ್ಟ್ರೀಟಿನ ದಕ್ಷಿಣಕ್ಕೆ, ಅರಮನೆಗೆ ಅನತಿ ದೂರದಲ್ಲಿ, ಜೆನ್ನಿಂಗ್ಸ್ ಬಿಲ್ಡಿಂಗ್ಸ್ ಎಂಬ ಕೊಳೆಗೇರಿಯಿತ್ತು. ಅಲ್ಲಿನ 83 ಮನೆಗಳಲ್ಲಿ ಸುಮಾರು 1,000 ಜನ, ಬಹುಪಾಲು ಐರಿಷರು, ತುಂಬಿದ್ದರು. ಉಪನಗರವನ್ನು ಕಟ್ಟಿದ ಕೈಗಳಿಗೆ ಉಪನಗರದಲ್ಲಿ ಸಿಕ್ಕ ಸ್ಥಳವದು.

ಧರ್ಮಸಭೆ ಇವರನ್ನು ಮರೆಯಲಿಲ್ಲ. ಯೆಹೂದ್ಯ ಮನೆತನದಲ್ಲಿ ಹುಟ್ಟಿ, ಲಿಸ್ಟ್ ಎಂಬ ಸಂಗೀತಗಾರನ ಶಿಷ್ಯನಾಗಿದ್ದು, ಆಮೇಲೆ ಕಾರ್ಮೆಲ್ ಸಭೆ ಸೇರಿದ ಪೂಜ್ಯ ಹರ್ಮನ್ ಕೋಹೆನರು 1862ರಲ್ಲಿ ಲಂಡನ್ನಿಗೆ ಬಂದರು. 1866ರಲ್ಲಿ ಕೆನ್ಸಿಂಗ್ಟನ್ನಿನಲ್ಲಿ ಕಾರ್ಮೆಲ್ ಗುರುಗಳ ದೇವಾಲಯ ತೆರೆಯಿತು. 1869ರಲ್ಲಿ ಹೈ ಸ್ಟ್ರೀಟಿನಲ್ಲೇ ವಿಜಯಗಳ ಮಾತೆಯ ದೇವಾಲಯವಾಯಿತು. ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯ ತೆರೆದ 1903ರವರೆಗೆ ಇದೇ ಅದರ ಸ್ಥಾನದಲ್ಲಿದ್ದು ಸೇವೆ ಸಲ್ಲಿಸಿತು. ಮಹಾಧರ್ಮಾಧ್ಯಕ್ಷರಾದ ಮ್ಯಾನಿಂಗರು, ಬಡ ಮಕ್ಕಳಿಗೆ ಶಾಲೆಗಳಿಲ್ಲದಿರುವಾಗ ಕಲ್ಲು ಇಟ್ಟಿಗೆಗಳಿಗೆ ಹಣ ಸುರಿಯಲಾಗದೆಂದು ಪ್ರಧಾನಾಲಯದ ನಿರ್ಮಾಣವನ್ನು ಮುಂದಕ್ಕೆ ಹಾಕಿದ್ದರು. ಮಹಾಗೋಪುರಗಳಿಗಿಂತ ಆ ವಿಳಂಬವನ್ನೇ ನಾವು ಹೆಚ್ಚು ಗೌರವಿಸುತ್ತೇವೆ.

ಜೆನ್ನಿಂಗ್ಸ್ ಬಿಲ್ಡಿಂಗ್ಸನ್ನು ಕೆಡವಿದ್ದು ಬೋರ್ಡಲ್ಲ. ಬೆಲೆ ಏರಿದ ಆ ನೆಲವನ್ನು ಆಲ್ಬರ್ಟ್ ಗ್ರಾಂಟ್ ಎಂಬ ಧನಿಕ ಕೊಂಡು, 1873ರ ಸುಮಾರಿಗೆ ಎಲ್ಲವನ್ನೂ ನೆಲಸಮ ಮಾಡಿಸಿದನು. ಕೊಳೆಗೇರಿ ತೆರವುಗೊಳಿಸುವಾಗ ನಿವಾಸಿಗಳಿಗೆ ಬದಲಿ ವಸತಿಯ ಯೋಜನೆ ಇರಬೇಕೆಂಬ ಶಾಸನ ಬಂದದ್ದು 1875ರಲ್ಲಿ. ಅದು ಇವರ ಪಾಲಿಗೆ ತಡವಾಗಿತ್ತು.

ಆ ನೆಲದ ಮೇಲೆ ಗ್ರಾಂಟ್ ಭವ್ಯ ಸೌಧವೊಂದನ್ನು ಎಬ್ಬಿಸಿದನು. ವ್ಯವಹಾರದಲ್ಲಿ ದಿವಾಳಿಯಾದ್ದರಿಂದ ಅದರಲ್ಲಿ ಒಂದು ದಿನವೂ ವಾಸಿಸಲಿಲ್ಲ. 1880ರ ದಶಕದ ಆರಂಭದಲ್ಲಿ ಸೌಧವನ್ನೂ ಕೆಡವಲಾಯಿತು. ಅದರ ಅಮೃತಶಿಲೆಯ ಮೆಟ್ಟಿಲುಗಳು ಮೇಡಂ ಟುಸ್ಸಾಡರ ಮೇಣದ ಬೊಂಬೆಗಳ ಪ್ರದರ್ಶನಶಾಲೆಗೆ ಮಾರಾಟವಾದವು.